ಬಾನೆಟ್ಟಿನಡಿಯ ತ್ರಿವಿಧ ಪರೀಕ್ಷೆ

ಸಂಪಾಜೆಯಿಂದ ಘಟ್ಟವನ್ನೇರಿ ಮಡಿಕೇರಿಗೆ ಬರುವ ವಾಹನವು ತನ್ನ ಗುಣದೋಷಗಳನ್ನು ಬಹುಕಾಲ ಮರೆಮಾಚಲಾರದು. ಬಯಲಿನ ನೇರ ಹಾದಿಯಲ್ಲಿ ಪರಮ ವಿಧೇಯವಾಗಿದ್ದ ನನ್ನ ಹಳೆಯ ಪೆಟ್ರೋಲ್ ಕಾರು, ಕಳೆದ ಮಳೆಗಾಲದಲ್ಲಿ, ಏರುದಾರಿಯ ತಿರುವುಗಳಲ್ಲಿ ಆಕ್ಸಿಲರೇಟರನ್ನು ಒತ್ತಿದರೆ ಕ್ಷಣಕಾಲ ಧ್ಯಾನಸ್ಥವಾಗಿ, ಅನಂತರ ಹಠಾತ್ತನೆ ಮುನ್ನುಗ್ಗುವುದನ್ನೂ, ಕಾಲು ತೆಗೆದೊಡನೆ ಉಸಿರು ನಿಲ್ಲಿಸುವುದನ್ನೂ ಅಭ್ಯಾಸಮಾಡಿಕೊಂಡಿತು. ನಮ್ಮೂರಿನ ಗ್ಯಾರೇಜಿನ ಪರಿಭಾಷೆಯಲ್ಲಿ ಹೇಳುವುದಾದರೆ, "ಪಿಕಪ್ ಇಲ್ಲ, ಜರ್ಕ್ ಹೊಡೀತದೆ, ಸ್ಲೋದಲ್ಲಿ ಆಫ್ ಆಗ್ತದೆ."

ಬಾನೆಟ್ ತೆರೆದು ನಿಂತ ಗೃಹಸ್ಥನಿಗೆ ಉಪದೇಶದ ಕೊರತೆ ಎಂದೂ ಉಂಟಾಗದು. ನೆರೆಮನೆಯ ನಿವೃತ್ತ ಸುಬೇದಾರರು ಗೇಟಿನಾಚೆಯಿಂದಲೇ, "ಎಂಜಿನ್ ನೆಟ್ಟಗೇ ಉಂಟು ಮಾರಾಯ್ರೇ, ನೀವು ರೇಸ್ ಕೊಡುವ ಕ್ರಮಕ್ಕೇ ಶಿಸ್ತಿಲ್ಲ" ಎಂದು ತೀರ್ಪಿತ್ತರು. ಕಾಫಿ ತೋಟದ ಮಿತ್ರರು ಪೆಟ್ರೋಲಿಗೆ ನೀರು ಸೇರಿದೆಯೆಂದರು. ಆ ವಾರ ಅವರ ಕಣದಲ್ಲಿದ್ದ ಸರಕಿಗೂ ನೀರು ಸೇರಿತ್ತು. ಇನ್ನೊಬ್ಬ ಹಿರಿಯರು, ಈ ಎತ್ತರದಲ್ಲಿ ಗಾಳಿಯೇ ತೆಳುವೆಂದು ದೋಷವನ್ನೆಲ್ಲ ಭೂಗೋಳದ ಮೇಲೆ ಹೊರಿಸಿದರು. ಈ ವಾದದಲ್ಲಿ ಅರ್ಧ ಸತ್ಯವಿತ್ತು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ವಾಯುವಿನ ಒತ್ತಡವು ಮಂಗಳೂರಿಗಿಂತ ಹೆಚ್ಚುಕಡಿಮೆ ಎಂಟನೆಯ ಒಂದು ಪಾಲು ಕಡಿಮೆ; ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದುದರಿಂದ, ಕರಾವಳಿಯಲ್ಲಿ ಹದಗೊಳಿಸಿದ ಕಾರ್ಬುರೇಟರ್ ಇಲ್ಲಿಗೆ ಬಂದಾಗ ಪೆಟ್ರೋಲನ್ನು ಅತಿಯಾಗಿ ಕುಡಿಸುತ್ತಿದ್ದುದು ನಿಜವೇ. ಆದರೆ ನನ್ನ ಕಾರಿನ ಇಂಜೆಕ್ಷನ್ ಎಂಜಿನ್ನು ಒತ್ತಡವನ್ನಳೆದು ತಾನೇ ಪ್ರಮಾಣವನ್ನು ಸರಿಪಡಿಸಿಕೊಳ್ಳುವುದರಿಂದ, ಬೆಟ್ಟಗಳು ನಿರ್ದೋಷಿಗಳೆಂದು ಸಾಬೀತಾಯಿತು.

ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕೆಂದ ಗ್ಯಾರೇಜಿನವರು ಅದಕ್ಕೆ ಹೇಳಿದ ಮೊತ್ತವನ್ನು ಕೇಳಿದ ಬಳಿಕ ನನಗೆ ಆಯುರ್ವೇದದ ಸ್ಮರಣೆಯಾಯಿತು. ದರ್ಶನ, ಸ್ಪರ್ಶನ, ಪ್ರಶ್ನ ಎಂದು ವಾಗ್ಭಟನು ಹೇಳಿದ ರೋಗಿಪರೀಕ್ಷೆಯ ಮೂರು ವಿಧಗಳಲ್ಲಿ ಮೊದಲೆರಡಕ್ಕೆ ಕಾಸು ಖರ್ಚಿಲ್ಲ. ಮಿತವ್ಯಯಿಗೆ ಇದಕ್ಕಿಂತ ಮಿಗಿಲಾದ ಶಾಸ್ತ್ರವುಂಟೇ?

ದರ್ಶನದಲ್ಲಿ ಏರ್ ಫಿಲ್ಟರಿನ ಪೆಟ್ಟಿಗೆಯೊಳಗೆ, ಹೊರಗಿನ ಜಡಿಮಳೆಯಿಂದ ರಕ್ಷಣೆಯನ್ನು ಬಯಸಿ ಬಂದ ಇಲಿಯೊಂದು ಕಟ್ಟಿಕೊಂಡಿದ್ದ ಅಚ್ಚುಕಟ್ಟಾದ ಸಂಸಾರವು ಗೋಚರಿಸಿತು. ಅದನ್ನು ಸಗೌರವವಾಗಿ ಸ್ಥಳಾಂತರಿಸಲಾಯಿತು. ರಬ್ಬರ್ ಹೋಸುಗಳಲ್ಲಿ ಬಿರುಕು ಕಾಣಲಿಲ್ಲ. ಎಂಜಿನ್ ಓಡುತ್ತಿರುವಾಗ ಕಿವಿಗೊಟ್ಟರೂ ಗಾಳಿ ಸೋರುವ ಸಿಳ್ಳು ಕೇಳಲಿಲ್ಲ. ಸ್ಪರ್ಶನದ ಸರದಿಯಲ್ಲಿ, ಎಂಜಿನ್ ಆರಿಸಿ, ಕೇಬಲನ್ನು ಕಳಚಿ, ಥ್ರಾಟಲ್ಲಿನ ಚಕ್ರವನ್ನು ಕೈಯಿಂದ ತಿರುಗಿಸಿದೆನು. ಚಕ್ರವು ಸರಾಗವಾಗಿ ತಿರುಗಿ ಪೆಡಲ್ ಮಾತ್ರ ಬಿಗಿಯಾಗಿದ್ದರೆ ಅಪರಾಧಿ ಕೇಬಲು; ಚಕ್ರವೇ ಆರಂಭದಲ್ಲಿ ಅಂಟಿಕೊಂಡರೆ ಅಪರಾಧವು ಥ್ರಾಟಲ್ಲಿನೊಳಗಿನದು. ನನ್ನದು ಅಂಟಿತು. ಕೇಬಲಿಲ್ಲದ, ವಿದ್ಯುತ್ತಿನಿಂದಲೇ ಚಲಿಸುವ ಥ್ರಾಟಲ್ಲುಳ್ಳವರು ಈ ಬೆರಳಾಟಕ್ಕೆ ಇಳಿಯದಿರುವುದು ಕ್ಷೇಮ.

ಮೂರನೆಯದಾದ ಪ್ರಶ್ನಕ್ಕೆ ಮಾತ್ರ ಕೆಲವು ನೂರು ರೂಪಾಯಿಗಳ ಮಲ್ಟಿಮೀಟರ್ ಬೇಕಾಯಿತು. ಕೇಬಲನ್ನು ಮರಳಿ ಸಿಕ್ಕಿಸಿ, ಕೀಲಿಯನ್ನು ಆನ್ ಸ್ಥಿತಿಯಲ್ಲಿಟ್ಟು, ಎಂಜಿನ್ ಚಾಲೂ ಮಾಡದೆ ಪೆಡಲನ್ನು ಮೆಲ್ಲಗೆ ಒತ್ತುತ್ತ ಹೋದರೆ ಥ್ರಾಟಲ್ ಸೆನ್ಸರಿನ ವೋಲ್ಟೇಜು ಸಾಮಾನ್ಯವಾಗಿ ಅರ್ಧ ವೋಲ್ಟಿನ ಆಸುಪಾಸಿನಿಂದ ನಾಲ್ಕೂವರೆಯವರೆಗೆ ಎಡವದೆ ಏರಬೇಕು. ನಡುವೆ ಜಿಗಿದರೆ ಆ ಎಡೆಯಲ್ಲಿ ಸೆನ್ಸರು ಸವೆದಿದೆಯೆಂದರ್ಥ. ನನ್ನದು ಎಡವಲಿಲ್ಲ. ಬಂಧುಗಳ ಮಗನು ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ಯಾನರನ್ನು ಸಿಕ್ಕಿಸಿ ಮೊಬೈಲಿನಲ್ಲಿ ದೋಷದ ಕೋಡನ್ನು ಓದಲು ಹವಣಿಸಿದನು, ಕೋಡೇ ಇರಲಿಲ್ಲ. ಇದ್ದಿದ್ದರೂ ಅದು ನೋವಿನ ಸ್ಥಳವನ್ನು ಹೇಳೀತೇ ವಿನಾ ಕಾರಣವನ್ನಲ್ಲ. ಸೆನ್ಸರಿನ ಹೆಸರು ಬಂದಾಗ ತುಂಡಾದ ವಯರನ್ನು ಬಿಟ್ಟು ಸೆನ್ಸರನ್ನೇ ಕೊಳ್ಳುವ ಉದಾರಿಗಳು ಲೋಕದಲ್ಲಿ ಬಹುಮಂದಿ.

ಉಳಿದದ್ದು ಥ್ರಾಟಲ್ಲಿನೊಳಗೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಚಿಟ್ಟೆಬಾಗಿಲು. ಎಂಜಿನ್ನಿನ ಒಡಲಿಂದ ಹಿಂದಿರುಗುವ ಎಣ್ಣೆಯ ಆವಿಯು ಅದರ ಅಂಚಿನಲ್ಲಿ ಕಾರ್ಬನ್ನಾಗಿ ಹೆಪ್ಪುಗಟ್ಟಿ, ಕಾಲು ತೆಗೆದಾಗ ಗಾಳಿ ನುಸುಳಬೇಕಾದ ಕೂದಲೆಳೆಯಷ್ಟು ಸಂದನ್ನೂ ಮುಚ್ಚಿಬಿಟ್ಟಿತ್ತು. ಒಂದು ಡಬ್ಬಿ ಕ್ಲೀನರ್ ಸ್ಪ್ರೇ, ಬೆಂಕಿಯಿಲ್ಲದ ಬಯಲು, ಹಳೆಯ ಪಂಚೆಯ ತುಂಡು, ಒಂದು ಅಪರಾಹ್ನದ ಸಹನೆ, ಇಷ್ಟರಿಂದ ಚಿಕಿತ್ಸೆ ಮುಗಿಯಿತು. ಹಣವುಳ್ಳವನು ಭಾಗವನ್ನು ಬದಲಿಸಿದರೆ, ಇಲ್ಲದವನು ಕಾರಣವನ್ನು ಹುಡುಕುತ್ತಾನೆ. ತರ್ಕಶಾಸ್ತ್ರಕ್ಕೆ ದಾರಿದ್ರ್ಯದಂತಹ ಪೋಷಕನಿಲ್ಲ.

ಕಾರು ಮತ್ತೆ ಘಟ್ಟವನ್ನು ನಿರಾಯಾಸವಾಗಿ ಏರಿದ ವಾರ್ತೆಯನ್ನು ಕೇಳಿ ಸುಬೇದಾರರು, ಕೊನೆಗೂ ನಾನು ರೇಸ್ ಕೊಡಲು ಕಲಿತೆನೆಂದು ಸಂತೋಷಪಟ್ಟರು. ತೋಟದ ಮಿತ್ರರು, ನೀರು ಆವಿಯಾಗಿರಬೇಕೆಂದರು. ಭೂಗೋಳದ ಹಿರಿಯರು ಮಾತ್ರ, ಮಳೆ ನಿಂತ ಮೇಲೆ ಗಾಳಿ ಸ್ವಲ್ಪ ದಪ್ಪವಾಗುವುದು ಸಹಜವೆಂದು ನನಗೆ ಸಮಾಧಾನ ಹೇಳಿದರು.