ಹೆಚ್ಚಿನ ಚಿಕಿತ್ಸೆಗಾಗಿ ವಾಚು ದುಬೈಗೆ

ಉತ್ತರ ಕನ್ನಡದ ಕರಾವಳಿಯಲ್ಲಿ ಮಿಡಿಯುವಂಥದ್ದು ಏನೇ ಕೆಟ್ಟರೂ ಜಿಲ್ಲೆಯ ಗಡಿ ದಾಟಿಸಬೇಕು. ಎದೆಯೊಳಗಿನದು ಕೆಟ್ಟರೆ ಮಣಿಪಾಲ, ಮಣಿಕಟ್ಟಿನ ಮೇಲಿನದು ಕೆಟ್ಟರೆ ದುಬೈ. ಎದೆ ದಿನಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಸಲ ಬಡಿಯುತ್ತದೆ. ರೋಲೆಕ್ಸಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 28,800ರಂತೆ ದಿನಕ್ಕೆ 6,91,200 ಸಲ. ಹೆಚ್ಚು ಬಡಿಯುವುದಕ್ಕೆ ಹೆಚ್ಚು ದೂರ. ಲೆಕ್ಕವೇನೋ ಸರಿಯಾಗಿಯೇ ಇದೆ.

ಭಟ್ಕಳದಲ್ಲಿ ಈ ವಾಚಿನ ವಿಷಯ ಬಹಳ ಮುಂದುವರಿದಿದೆ. ಅಜ್ಜ ಕಟ್ಟಿದ್ದು ಎಚ್‌ಎಂಟಿ. ಗಲ್ಫಿಗೆ ಹೋದ ಚಿಕ್ಕಪ್ಪ ತಂದದ್ದು ಸೀಕೋ ಫೈವ್. ಮದುಮಗನಿಗೆ ಬಂದದ್ದು ರಾಡೋ. 1962ರಲ್ಲಿ ಹುಟ್ಟಿದ ಡಯಾಸ್ಟಾರ್ ಗೀರು ಬೀಳದ ವಾಚೆಂದು ಹೆಸರು ಮಾಡಿತ್ತು, ಮದುಮಗನ ಮರ್ಯಾದೆಗೂ ಗೀರು ಬೀಳದಂತೆ ನೋಡಿಕೊಂಡಿತು. ಮೊಮ್ಮಗನ ಕೈಗೆ ಈಗ ರೋಲೆಕ್ಸು ಬಂದಿದೆ. ಆದರೆ ವಾಚು ಯಾವುದೆಂದು ಮದುವೆಯ ಊಟದಲ್ಲಿ ಕೇಳುವ ಕಾಲ ಮುಗಿಯಿತು. ಅದು ಕಣ್ಣಿಗೇ ಕಾಣುತ್ತದಲ್ಲ. ಈಗಿನ ಪ್ರಶ್ನೆ, "ಸರ್ವಿಸ್ ಎಲ್ಲಿ ಮಾಡಿಸ್ತೀರಿ ಸಾಹೇಬ್ರೇ?"

ಉತ್ತರದಲ್ಲಿ ಊರು ಎಷ್ಟು ದೂರವಿದೆಯೋ ಅಷ್ಟು ಮರ್ಯಾದೆ. ಕುಮಟಾ ಎಂದರೆ ಎದುರಿನವರು ಮಾತು ಬದಲಿಸಿ ಮಳೆಯ ಬಗ್ಗೆ ಕೇಳುತ್ತಾರೆ. ಮಂಗಳೂರು ಎಂದರೆ ಪಾಪ, ಅನುಕೂಲ ಅಷ್ಟಿಲ್ಲ ಎಂದು ಸುಮ್ಮನಾಗುತ್ತಾರೆ. ಬೆಂಗಳೂರಿಗೆ ತಲೆಯಾಡಿಸುತ್ತಾರೆ. ದುಬೈ ಎಂದರೆ ತಟ್ಟೆಗೆ ಬಿರಿಯಾನಿಯ ಇನ್ನೊಂದು ತುಂಡು ಮಾಂಸ ಬೀಳುತ್ತದೆ. ಜಿನೀವಾ ಎಂದು ಯಾರಾದರೂ ಅಂದುಬಿಟ್ಟರೆ ಅವರ ಮನೆಯಲ್ಲಿ ಮದುವೆಗೆ ಬಂದ ಹುಡುಗರಿದ್ದಾರೆಯೇ ಎಂಬ ವಿಚಾರಣೆ ಅಂದೇ ಸಂಜೆ ಶುರು.

ಹೊನ್ನಾವರದ ಕಡೆ ಇದರ ರೂಪ ಸ್ವಲ್ಪ ಬೇರೆ. ಅಲ್ಲಿ ವಾಚು ಬರುವುದು ಅಮೆರಿಕದಲ್ಲಿರುವ ಮಗನಿಂದ, ತೋಟದಲ್ಲಿರುವ ಅಪ್ಪನಿಗೆ. ಅಡಿಕೆ ಸುಲಿಯುವ ಕೈಗೆ ಒಮೆಗಾ. ವಾಚು ದಿನಕ್ಕೆ ಮೂರ್ನಾಲ್ಕು ನಿಮಿಷ ಹಿಂದೆ ಬೀಳತೊಡಗಿದಾಗ ಹೆಗಡೆಯವರು ಕುಮಟಾ ಪೇಟೆಯ ರಿಪೇರಿ ಅಂಗಡಿಗೆ ಹೋದರು ಎನ್ನಿ. ಅಂಗಡಿ ಅಂದರೆ ಒಂದು ಮೇಜು, ಒಂದು ಬಲ್ಬು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ, ಅದರ ಹಿಂದೆ ನಲವತ್ತು ವರ್ಷದ ಅನುಭವ.

"ಎಣ್ಣೆ ಒಣಗಿದೆ ಹೆಗಡೇರೆ. ಬಿಚ್ಚಿ ತೊಳೆದು ಆಯ್ಲಿಂಗ್ ಮಾಡ್ಬೇಕು."

"ಎಷ್ಟಾಗ್ತದೆ?"

"ಸಾವಿರದ ಇನ್ನೂರು ಕೊಡಿ."

ಹೆಗಡೆಯವರು ಬೆಚ್ಚಿಬಿದ್ದರು. ನಾಲ್ಕು ಲಕ್ಷದ ವಾಚಿಗೆ ಸಾವಿರದ ಇನ್ನೂರೇ? ಇವನೇನೋ ಒಳಗಿನ ಸಾಮಾನು ಎತ್ತುವ ಯೋಚನೆಯಲ್ಲಿದ್ದಾನೆ. ವಾಚನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದು ಬೆಂಗಳೂರಿನ ಅಧಿಕೃತ ಕೇಂದ್ರಕ್ಕೆ ಫೋನು ಹಚ್ಚಿದರು. ಎಪ್ಪತ್ತು ಸಾವಿರ ಆಗಬಹುದು, ಬಿಚ್ಚಿ ನೋಡದೆ ಖಚಿತವಾಗಿ ಹೇಳಲಾಗದು, ಬಿಡಿಭಾಗ ಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು ಎಂಬ ಉತ್ತರ ಬಂತು. ಹೆಗಡೆಯವರ ಮನಸ್ಸಿಗೆ ಸಮಾಧಾನವಾಯಿತು. ಎಪ್ಪತ್ತು ಸಾವಿರ ಕೇಳುವವನು ಕಳ್ಳನಾಗಿರಲು ಸಾಧ್ಯವಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಹೆಗಡೆಯವರ ಕಾರಣ ತಪ್ಪು, ತೀರ್ಮಾನ ಸರಿ. 1999ರಿಂದ ಒಮೆಗಾ ತನ್ನ ವಾಚುಗಳಲ್ಲಿ ತರುತ್ತಿರುವ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟು ಎಂಬ ಒಳಗಿನ ಭಾಗ ಎಚ್‌ಎಂಟಿ ಬಿಚ್ಚಿದ ಅಭ್ಯಾಸದ ಮೇಲೆ ಕೈಹಾಕುವಂಥದ್ದಲ್ಲ. ಎಲ್ಲಿಗೆ ಯಾವ ಎಣ್ಣೆ, ಎಷ್ಟು ಹನಿ ಎಂಬುದೆಲ್ಲ ಬೇರೆಯೇ. ಭಟ್ಕಳದ ರಾಡೋ ಸಾಹೇಬರದ್ದು ಇದಕ್ಕೆ ಉಲ್ಟಾ. ಹಳೆಯ ಆಟೋಮ್ಯಾಟಿಕ್ ರಾಡೋಗಳ ಹೊಟ್ಟೆಯಲ್ಲಿ ಕೂತಿರುವುದು ಬಹುಪಾಲು ಈಟಿಎ ಎಂಬ ಸ್ವಿಸ್ ಕಾರ್ಖಾನೆಯ ಯಂತ್ರ. ಅದರ ದಾಯಾದಿಗಳು ಟಿಸ್ಸೋಟ್‌ನಿಂದ ಹಿಡಿದು ಎಷ್ಟೋ ಹೆಸರಿನ ವಾಚುಗಳಲ್ಲಿ ಓಡುತ್ತಿವೆ, ಕೈ ಪಳಗಿದ ಯಾವ ರಿಪೇರಿಗಾರನಿಗೂ ಅದು ಪರಿಚಿತ. ಆದರೂ ರಾಡೋ ವಿಮಾನ ಹತ್ತುತ್ತದೆ. ಯಂತ್ರ ಯಾವುದೆಂದು ಒಡೆಯನಿಗೆ ಗೊತ್ತಿಲ್ಲ. ಹೆಸರು ಯಾವುದೆಂದು ಊರಿಗೆಲ್ಲ ಗೊತ್ತಿದೆ.

ಎಷ್ಟು ವರ್ಷಕ್ಕೊಮ್ಮೆ ಸರ್ವಿಸು? ರೋಲೆಕ್ಸ್ ಕಂಪನಿ ಸುಮಾರು ಹತ್ತು ವರ್ಷ ಎನ್ನುತ್ತದೆ. ಅದು ಹಿಮ ಬೀಳುವ ದೇಶದ ಹತ್ತು ವರ್ಷ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ದಾಟಿ ಮಳೆ ಬೀಳುವ, ಉಳಿದ ದಿನ ಉಪ್ಪುಗಾಳಿ ಬೀಸುವ, ಕಪಾಟಿನ ಬೀಗಕ್ಕೂ ತುಕ್ಕು ಹಿಡಿಯುವ ನಮ್ಮೂರಿನಲ್ಲಿ ಯಂತ್ರಕ್ಕಿಂತ ಮೊದಲು ಸಾಯುವುದು ನೀರು ತಡೆಯುವ ರಬ್ಬರು. ಅದನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಕೆಟ್ಟಿದ್ದರೆ ಬದಲಿಸಿದರೆ ಒಳಗೆ ನೀರಿಳಿಯುವ ಭಯ ಕಡಿಮೆ. ಅದನ್ನು ಮಾತ್ರ ಯಾರೂ ಮಾಡಿಸುವುದಿಲ್ಲ, ಏಕೆಂದರೆ ಅದಕ್ಕೆ ಹೇಳಿಕೊಳ್ಳುವಷ್ಟು ಬಿಲ್ಲಾಗುವುದಿಲ್ಲ. ರೋಲೆಕ್ಸಿನವರು ನೀರಿಳಿಯದ ಆಯ್‌ಸ್ಟರ್ ಕವಚ ತಂದದ್ದು 1926ರಲ್ಲಿ. ಮರುವರ್ಷ ಮರ್ಸಿಡಿಸ್ ಗ್ಲೈಟ್ಜ್ ಎಂಬ ಹೆಂಗಸು ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಯ ಕೊರೆಯುವ ನೀರಿನಲ್ಲಿ ತಾಸುಗಟ್ಟಲೆ ಈಜಿದಳು. ಅದೇ ಕಂಪನಿಯ, ನೂರು ಮೀಟರು ಆಳಕ್ಕೂ ಜಗ್ಗದ ವಾಚನ್ನು ನಮ್ಮವರು ಕಾರಿನಿಂದ ಛತ್ರದ ಮೆಟ್ಟಿಲವರೆಗೆ, ಕೊಡೆಯ ಅಡಿಯಲ್ಲಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿಟ್ಟು ಒಯ್ಯುತ್ತಾರೆ.

ಕುಮಟಾದ ರಿಪೇರಿಗಾರ ಸೋತದ್ದು ಕೈಚಳಕದಲ್ಲಲ್ಲ. ಅವನಿಗೆ ಬಿಡಿಭಾಗ ಸಿಗುವುದಿಲ್ಲ, ಅಷ್ಟೇ. ದೊಡ್ಡ ಸ್ವಿಸ್ ಕಂಪನಿಗಳು ತಾವು ಒಪ್ಪಿದವರಿಗೆ ಬಿಟ್ಟು ಬೇರೆಯವರಿಗೆ ಬಿಡಿಭಾಗ ಮಾರುವುದನ್ನು ನಿಲ್ಲಿಸಿವೆ. ಇದರ ಮೇಲೆ ಯೂರೋಪಿನ ರಿಪೇರಿಗಾರರ ಒಕ್ಕೂಟವೇ 2004ರಲ್ಲಿ ದೂರು ಕೊಟ್ಟು, ಹದಿಮೂರು ವರ್ಷ ಅಲೆದು, 2017ರಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ಸೋತಿತು. ಯೂರೋಪಿನವರಿಗೇ ಸಿಗದ್ದು ಕುಮಟಾ ಬಸ್ ಸ್ಟ್ಯಾಂಡಿನ ಬಳಿಯ ಮೇಜಿಗೆ ಬರುವುದುಂಟೇ? ಎಚ್‌ಎಂಟಿಯ ಬಿಡಿಭಾಗ ಮಾತ್ರ ಅವನ ವಿಕ್ಸ್ ಡಬ್ಬಿಯಲ್ಲಿ ಈಗಲೂ ಇದೆ. ಸತ್ತ ಕಂಪನಿಯ ಸಾಮಾನು ಸಿಗುತ್ತದೆ, ಬದುಕಿರುವ ಕಂಪನಿಯದ್ದು ಸಿಗುವುದಿಲ್ಲ.

1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಆ ಎಚ್‌ಎಂಟಿ ವಾಚಿನ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಮುಂದಿನ ತಿಂಗಳೇ ಕರ್ನಾಟಕದ ರಾಜಕಾರಣವೆಲ್ಲ ಒಂದು ವಾಚಿನ ಸುತ್ತ ತಿರುಗತೊಡಗಿತು. ಎಚ್‌ಎಂಟಿಯ ಸುತ್ತ ಎಂದುಕೊಂಡಿರೋ? ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ, ದುಬೈಯ ಸ್ನೇಹಿತರು ಕೊಟ್ಟ ಹ್ಯೂಬ್ಲೋ ಸುತ್ತ. ಕೊನೆಗೆ ಅವರು ಅದನ್ನು ಸ್ಪೀಕರ್ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿದರು, ವಾಚು ಸರ್ಕಾರದ ಆಸ್ತಿಯಾಯಿತು. ಬೆಲೆ ಎಷ್ಟು, ಕೊಟ್ಟವರಾರು, ಯಾಕೆ ಕೊಟ್ಟರು ಎಂದು ಕೇಳದವರಿಲ್ಲ. ಸರ್ವಿಸ್ ಎಲ್ಲಿ, ಟೆಂಡರ್ ಕರೆಯುತ್ತೀರಾ ಎಂದು ಕೇಳಿದವರು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ಭಟ್ಕಳದವರಾಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದರು.

ದುಬೈ ಸರ್ವಿಸಿಗೆ ಇನ್ನೊಂದು ತೊಡಕಿದೆ. ಕೈಗೆ ಕಟ್ಟಿಕೊಂಡು ಹೋದ ವಾಚು ವಾಪಸು ಬರುವಾಗ ಪಳಪಳ ಹೊಳೆಯುತ್ತಿರುತ್ತದೆ. ವಿಮಾನ ನಿಲ್ದಾಣದ ಕಸ್ಟಮ್ಸಿನವರಿಗೆ ಅದು ಹೊಸತಾಗಿಯೇ ಕಾಣುತ್ತದೆ. ಹೋಗುವಾಗಲೇ ಅವರಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದರೆ ಬಚಾವ್. ಇಲ್ಲವಾದರೆ ಸ್ವಂತ ವಾಚು ಸ್ವಂತದ್ದೇ ಎಂದು ಸಾಬೀತು ಮಾಡುತ್ತ ನಿಲ್ಲಬೇಕು. ಆ ಹೊಳಪೂ ಪುಕ್ಕಟೆಯಲ್ಲ: ಪಾಲಿಶ್ ಎಂದರೆ ಲೋಹ ತೇಯುವುದು, ಒಂದೊಂದು ಸಲಕ್ಕೂ ಕವಚದ ಅಂಚು ಮೊಂಡಾಗುತ್ತದೆ. ಪಾಲಿಶ್ ಬೇಡ, ಬದಲಿಸಿದ ಹಳೆಯ ಭಾಗ ವಾಪಸು ಕೊಡಿ, ಟೈಮಿಂಗ್ ಮೆಷಿನ್ ಏನು ತೋರಿಸಿತು ಬರೆದುಕೊಡಿ ಎಂದು ಕೌಂಟರಿನಲ್ಲಿ ಮೂರು ಮಾತು ಕೇಳಿದರೆ ಎಷ್ಟೋ ನಷ್ಟ ತಪ್ಪುತ್ತದೆ. ಆದರೆ ಹೊಳಪಿಲ್ಲದ ವಾಚನ್ನು ತಂದರೆ ದುಬೈಗೆ ಹೋಗಿ ಬಂದದ್ದು ಯಾರಿಗೆ ತಿಳಿಯಬೇಕು?

ಕಳಿಸಿದ ವಾಚಿಗೆ ದಾರಿಯುದ್ದಕ್ಕೂ ವಿಮೆಯಿದೆ, ಎಲ್ಲಿ ತಲುಪಿತೆಂದು ಗಳಿಗೆಗೊಮ್ಮೆ ಮೊಬೈಲಿಗೆ ಸಂದೇಶ ಬರುತ್ತದೆ. ಗಡಿ ದಾಟುವ ರೋಗಿಗೆ ಆ ಭಾಗ್ಯವಿಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸು ಶಿರೂರು ಟೋಲ್‌ಗೇಟಿನಲ್ಲಿ ಅಪಘಾತವಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಅದಕ್ಕೂ ಮೊದಲಿನಿಂದ ಇತ್ತು, ಆಮೇಲೆ ಜೋರಾಯಿತು. ಮನವಿ ಪತ್ರ ಕೊಡಲು ಹೋದವರಿಗೆಲ್ಲ ಸಿಗುವ ಉತ್ತರ ಒಂದೇ, ಪರಿಶೀಲಿಸುತ್ತೇವೆ. ಮನವಿ ಸ್ವೀಕರಿಸುವ ಕೈಯಲ್ಲಿ ದಿನಕ್ಕೆ ಎರಡು ಸೆಕೆಂಡೂ ತಪ್ಪದ ವಾಚಿರುತ್ತದೆ; ಸಭೆಗೆ ತಡವಾಯಿತೆಂದು ಅದನ್ನೇ ನೋಡಿಕೊಂಡು ಎದ್ದು ಹೋಗುತ್ತಾರೆ.

ಹೆಗಡೆಯವರ ಒಮೆಗಾ ತಿಂಗಳುಗಟ್ಟಲೆ ಕಾಯಿಸಿ ಕೊನೆಗೂ ಬಂತು. ಬಿಲ್ಲಿಗೆ ಫ್ರೇಮು ಹಾಕಿಸುವುದೊಂದು ಬಾಕಿ. ಪೇಟೆಗೆ ಹೋದಾಗ ಹಳೇ ರಿಪೇರಿಗಾರನ ಮೇಲೆ ಕನಿಕರ ಉಕ್ಕಿ ಮೇಜಿನ ಎದುರು ನಿಂತರು.

"ನಿಂಗೆ ವ್ಯಾಪಾರ ಬರೂದಿಲ್ಲ ಮಾರಾಯ. ಎಂತ ಸಾವಿರದ ಇನ್ನೂರು? ಒಂದು ಎಸಿ ಹಾಕು, ಬಿಳೀ ಕೋಟು ಹಾಕ್ಕೊ, ಐವತ್ತು ಸಾವಿರ ಅನ್ನು. ಜನ ಸಾಲು ನಿಲ್ತಾರೆ."

ಅವನು ಭೂತಗನ್ನಡಿ ಕಳಚಿಟ್ಟು ಕೇಳಿದ, "ಐವತ್ತು ಸಾವಿರ ಅಂದ್ರೆ ನೀವು ಕೊಡ್ತೀರಾ ಹೆಗಡೇರೆ?"

"ಅಷ್ಟು ಕೊಡೂದಾದ್ರೆ ನಾ ದುಬೈಗೇ ಕಳ್ಸೂದಲ್ವೋ!"