ಮಾದಾವರದ ವಸೂಲಿರಾಯರು

ಕೈಗಾರಿಕಾ ಸಮ್ಮೇಳನಗಳಿಗೆ ಬರುವವರಲ್ಲಿ ನಾನಾ ಬಗೆ. ದೀಪ ಬೆಳಗುವ ಫೋಟೊದಲ್ಲಿ ಅರ್ಧ ಮುಖ ಬಿದ್ದ ಕೂಡಲೇ ಮಾಯವಾಗುವವರಿದ್ದಾರೆ. ಊಟದ ಹೊತ್ತಿಗೆ ಸರಿಯಾಗಿ ಪ್ರತ್ಯಕ್ಷರಾಗುವವರಿದ್ದಾರೆ. ‘ಪ್ರಶ್ನೆ ಅಂತಲ್ಲ, ಒಂದು ಸಣ್ಣ ಅನಿಸಿಕೆ’ ಎಂದು ಮೈಕು ಹಿಡಿದು, ಸಭಾಪತಿ ಗಡಿಯಾರ ತೋರಿಸುವವರೆಗೂ ಬಿಡದವರಿದ್ದಾರೆ. ಇವರನ್ನೆಲ್ಲ ಹೇಗೋ ಸಹಿಸಬಹುದು. ಸಹಿಸಲು ಕಷ್ಟವಾಗುವುದು, ಕಟ್ಟಿದ ಶುಲ್ಕದ ಪ್ರತಿ ರೂಪಾಯಿಯನ್ನೂ ವಾಪಸು ಗಿಟ್ಟಿಸಿಕೊಂಡೇ ಹೋಗುತ್ತೇನೆಂದು ಪಣ ತೊಟ್ಟು ಬರುವ ಶ್ರದ್ಧಾವಂತರನ್ನು. ಅವರನ್ನು ವಸೂಲಿರಾಯರು ಎನ್ನೋಣ. ಮೂಲಪುರುಷ ಯಾರೆಂದು ಬಾಯಿಬಿಡಲಾರೆ. ಪೀಣ್ಯದ ಕಡೆಯವರು ಊಹಿಸಿದರೆ ಅದಕ್ಕೆ ನಾನು ಹೊಣೆಯಲ್ಲ. ಸಮ್ಮೇಳನವನ್ನು ಹೆಚ್ಚು ಹಿಂಡಿದವನಿಗೇ ಅದು ಕಡಿಮೆ ಕೊಡುತ್ತದೆ ಎಂಬುದು ನನ್ನ ವಾದ.

ರಾಯರನ್ನು ಕಣ್ಣಾರೆ ನೋಡಬೇಕೆಂದರೆ ಜನವರಿಯಲ್ಲಿ ಬೆಂಗಳೂರಿನ ತುಮಕೂರು ರಸ್ತೆಯ ಮಾದಾವರಕ್ಕೆ ಹೋಗಬೇಕು. ಯಂತ್ರೋಪಕರಣ ತಯಾರಕರ ಸಂಘದವರು 2007ರಿಂದ ನಡೆಸುತ್ತಿರುವ ಪ್ರದರ್ಶನ ಕೇಂದ್ರ, ಬಿಐಇಸಿ, ಇರುವುದು ಅಲ್ಲಿ. ಐಮ್‌ಟೆಕ್ಸ್ ಎಂಬ ಯಂತ್ರಗಳ ದೊಡ್ಡ ಜಾತ್ರೆ ನೆರೆಯುವುದೂ ಅಲ್ಲೇ. 2024ರ ನವೆಂಬರಿನಲ್ಲಿ ಹಸಿರು ಮೆಟ್ರೊ ನಾಗಸಂದ್ರದಿಂದ ಮುಂದಕ್ಕೆ ಮಾದಾವರ ಮುಟ್ಟಿದ ಮೇಲೆ, ಟ್ರಾಫಿಕ್ಕಿನ ನೆಪ ಹೇಳಿ ತಡವಾಗಿ ಬರುವ ಸುಖವೂ ಹೋಯಿತು. ರಾಯರಿಗೆ ಅಂಥ ನೆಪ ಎಂದೂ ಬೇಕಿರಲಿಲ್ಲ ಅನ್ನಿ. ನೋಂದಣಿ ಕೌಂಟರು ತೆರೆಯುವ ಮೊದಲೇ ಅವರು ಸಾಲಿನಲ್ಲಿರುತ್ತಾರೆ. ಕಾರ್ಯಕ್ರಮಪಟ್ಟಿಗೆ ಹಿಂದಿನ ರಾತ್ರಿಯೇ ಹಳದಿ ಬಣ್ಣ ಬಳಿದಾಗಿರುತ್ತದೆ. ಒಂದೇ ಹೊತ್ತಿಗೆ ಎರಡು ಸಭಾಂಗಣಗಳಲ್ಲಿ ಗೋಷ್ಠಿ ಇದ್ದರೆ ಇಲ್ಲಿ ಅರ್ಧ, ಅಲ್ಲಿ ಅರ್ಧ. ಹೀಗಾಗಿ ಮೊದಲನೆಯದರ ತೀರ್ಮಾನವೂ ಎರಡನೆಯದರ ಪೀಠಿಕೆಯೂ ಅವರಿಗೆ ದಕ್ಕುವುದಿಲ್ಲ. ಹನ್ನೊಂದು ಗಂಟೆಗೆಲ್ಲ ಕೈಯಲ್ಲಿ ಮೂರು ಬಟ್ಟೆಚೀಲ, ಚೀಲದ ತುಂಬ ಕ್ಯಾಟಲಾಗು, ಜೇಬಿನಲ್ಲಿ ಯಾವ ಯಾವುದೋ ಕಂಪನಿಗಳ ಪೆನ್ನು. ಮಳಿಗೆಯ ಹುಡುಗ ‘ಸಾರ್, ನಿಮ್ಮದು ಯಾವ ಮಷಿನ್ನು?’ ಎಂದು ಕೇಳುವಷ್ಟರಲ್ಲಿ ರಾಯರು ಪಕ್ಕದ ಮಳಿಗೆಯಲ್ಲಿ ಬ್ಯಾಡ್ಜ್ ಸ್ಕ್ಯಾನ್ ಮಾಡಿಸುತ್ತಿರುತ್ತಾರೆ.

ಇಷ್ಟಾದರೂ ಅವರ ಪಾಡಿಗೆ ಅವರು ಎಂದು ಬಿಡಬಹುದಿತ್ತು. ಬಿಡಲಾಗದ್ದು ಆ ಮೊಬೈಲು. ತೆರೆಯ ಮೇಲೆ ಸ್ಲೈಡು ಮೂಡಿದ್ದೇ ತಡ, ಮುಂದಿನ ಸಾಲಿನಿಂದ ಕೈ ಮೇಲೇಳುತ್ತದೆ. ಹಿಂದೆ ಕೂತವರಿಗೆ ಆಮೇಲೆ ಕಾಣುವುದು ರಾಯರ ಫೋನಿನಲ್ಲಿರುವ ಪುಟ್ಟ ಸ್ಲೈಡು ಮಾತ್ರ. ಒಂದು ಚಿತ್ರ ಅಲುಗಿತೆಂದು ಇನ್ನೊಂದು, ಎದುರಿನವರ ತಲೆ ಅಡ್ಡ ಬಂತೆಂದು ಮತ್ತೊಂದು. ಸ್ಪಿಂಡಲ್ಲಿನ ಕಂಪನದ ನಕ್ಷೆಯನ್ನು ಭಾಷಣಕಾರ ಬೆರಳಿಟ್ಟು ವಿವರಿಸುವ ಹೊತ್ತಿಗೆ, ರಾಯರು ಚಿತ್ರದ ಅಂಚನ್ನು ನೀಟಾಗಿ ಕತ್ತರಿಸುವುದರಲ್ಲಿ ಮಗ್ನರು. ವಿಷಯಸೂಚಿಯೂ ಬೇಕು, ಪ್ರಾಯೋಜಕರ ಲಾಂಛನವೂ ಬೇಕು, ಕೊನೆಗೆ ‘ಧನ್ಯವಾದಗಳು’ ಎಂಬ ಸ್ಲೈಡೂ ಬೇಕು. ಧನ್ಯವಾದದ ಫೋಟೊ ಇಟ್ಟುಕೊಂಡು ಏನು ಮಾಡುತ್ತಾರೆಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ಈ ಸಿಡುಕಿಗೆ ವಿಜ್ಞಾನದ ಬೆಂಬಲವೂ ಉಂಟು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಕಲಾ ಸಂಗ್ರಹಾಲಯವೊಂದರಲ್ಲಿ ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಕೆಲವು ಕಲಾಕೃತಿಗಳ ಫೋಟೊ ತೆಗೆಯಬೇಕು, ಕೆಲವನ್ನು ಸುಮ್ಮನೆ ನೋಡಬೇಕು. ಮರುದಿನ ವಿಚಾರಿಸಿದಾಗ, ಇಡಿಯಾಗಿ ಫೋಟೊ ತೆಗೆದವುಗಳಿಗಿಂತ ಬರಿಗಣ್ಣಲ್ಲಿ ನೋಡಿದವೇ ಹೆಚ್ಚು ನೆನಪಿನಲ್ಲಿದ್ದವು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಯಾವುದೋ ಒಂದು ಭಾಗವನ್ನು ಆರಿಸಿ ಹತ್ತಿರದಿಂದ ತೆಗೆದಾಗ ನೆನಪಿಗೆ ಅಂಥ ಪೆಟ್ಟು ಬೀಳಲಿಲ್ಲ. ಆರಿಸುವುದಕ್ಕೆ ನೋಡಬೇಕಾಗುತ್ತದಲ್ಲ! ರಾಯರಿಗೆ ಆರಿಸುವುದೆಂದರೆ ನಷ್ಟ.

ಹಾಗಾದರೆ ಲಾಭ ಇರುವುದೆಲ್ಲಿ? ಚಹಾದ ಮೇಜಿನ ಬಳಿ. ಹ್ಯಾರಿಸನ್ ಓವೆನ್ ಎಂಬ ಅಮೆರಿಕನ್ ಒಂದು ವರ್ಷ ಒದ್ದಾಡಿ ಸಮ್ಮೇಳನವೊಂದನ್ನು ಏರ್ಪಡಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಬಂದವರಿಗೆ ಹೆಚ್ಚು ಹಿಡಿಸಿದ್ದು ಕಾಫಿ ವಿರಾಮ! ಇಡೀ ಸಮ್ಮೇಳನವನ್ನೇ ಕಾಫಿ ವಿರಾಮದ ಹಾಗೆ ನಡೆಸಿದರೇನು ಎಂದುಕೊಂಡು 1985ರಲ್ಲಿ ‘ಓಪನ್ ಸ್ಪೇಸ್’ ಎಂಬ ಪದ್ಧತಿ ಶುರು ಮಾಡಿದ. ಕಲಿಯುವುದೂ ಇಲ್ಲ, ಕಲಿಸುವುದೂ ಇಲ್ಲ ಎನಿಸಿದರೆ ಎದ್ದು ಬೇರೆಡೆಗೆ ನಡೆ ಎಂಬುದು ಅದರ ನಿಯಮ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರ ಲೇಖನದಲ್ಲಿ ಕೊಟ್ಟ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಪರಿಚಯದವರಿಂದ ಸುದ್ದಿ ತಿಳಿದು ಕೆಲಸ ಹಿಡಿದವರಲ್ಲಿ, ಪದೇ ಪದೇ ಭೇಟಿಯಾಗುವವರಿಂದ ಸುದ್ದಿ ಪಡೆದವರು ನೂರಕ್ಕೆ 16.7 ಮಾತ್ರ, ಉಳಿದವರಿಗೆಲ್ಲ ಅದು ಬಂದದ್ದು ಅಪರೂಪಕ್ಕೋ ಯಾವಾಗಲೋ ಒಮ್ಮೆಯೋ ಕಾಣುವವರಿಂದ. ನಮ್ಮ ಹತ್ತಿರದವರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ಹೊಸದು ಬರಬೇಕಾದರೆ ದೂರದವರೇ ಬೇಕು. ಯಂತ್ರ ಎಷ್ಟು ಮೈಕ್ರಾನ್ ನಿಖರ ಎಂಬುದು ಕ್ಯಾಟಲಾಗಿನಲ್ಲಿದೆ. ಬೇರಿಂಗ್ ಹೋದರೆ ಸ್ಪೇರ್ ಬರಲು ಮೂರು ತಿಂಗಳು, ಅಲ್ಲಿಯವರೆಗೆ ಡೀಲರು ಫೋನೆತ್ತುವುದಿಲ್ಲ ಎಂಬುದು ಯಾವ ಸ್ಲೈಡಿನಲ್ಲೂ ಇರುವುದಿಲ್ಲ. ಅದನ್ನು ಹೊಸೂರಿನಿಂದಲೋ ಬೆಳಗಾವಿಯಿಂದಲೋ ಬಂದ ಅಪರಿಚಿತನೊಬ್ಬ, ಬಿಸ್ಕತ್ತು ಚಹಾದಲ್ಲಿ ಅದ್ದುತ್ತಾ, ದನಿ ತಗ್ಗಿಸಿ ಹೇಳಬೇಕು. ಆ ಹೊತ್ತಿನಲ್ಲಿ ರಾಯರು ಮುಂದಿನ ಗೋಷ್ಠಿಗೆ ಸೀಟು ಹಿಡಿಯಲು ಓಡಿರುತ್ತಾರೆ.

ಹಾಗಿದ್ದರೆ ಭಾಷಣಗಳೇ ಬೇಡವೇ ಎಂದು ಕೇಳಬಹುದು. ಬೇಕು. ಭಾಷಣವಿಲ್ಲದಿದ್ದರೆ ಬೆಳಗಾವಿಯವನಿಗೆ ರಜೆಯೂ ಸಿಗುವುದಿಲ್ಲ, ಚಹಾದ ಬಳಿ ಅಪರಿಚಿತನ ಜೊತೆ ಮಾತು ತೆಗೆಯಲು ನೆಪವೂ ಇರುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಚಹಾದ ಮೇಜು ಎಲ್ಲರಿಗೂ ಸಮನಲ್ಲ. ಅಲ್ಲಿ ಮೊದಲೇ ಪರಿಚಯವಿದ್ದವರು ಗುಂಪು ಕಟ್ಟಿರುತ್ತಾರೆ, ಇಂಗ್ಲಿಷಿನಲ್ಲಿ ನಗುತ್ತಿರುತ್ತಾರೆ, ಬಹುತೇಕ ಗಂಡಸರೇ ಇರುತ್ತಾರೆ. ಸಣ್ಣ ಊರಿನ ಲೇತ್ ಮಾಲೀಕನಿಗೋ ಹೊಸದಾಗಿ ಸೇರಿದ ಹುಡುಗಿಗೋ ಸಭಾಂಗಣದ ಕುರ್ಚಿಯೇ ವಾಸಿ, ಕೂತರೆ ಯಾರೂ ಏಕೆಂದು ಕೇಳುವುದಿಲ್ಲ. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಗುಂಪಿನಲ್ಲಿದ್ದವರು ಅರ್ಧ ಹೆಜ್ಜೆ ಸರಿದು ‘ಬನ್ನಿ, ನಿಮ್ಮದು ಯಾವೂರು?’ ಎನ್ನಬೇಕು. ಮದುವೆಮನೆಯಲ್ಲಿ ಒಂಟಿಯಾಗಿ ಕೂತವರನ್ನು ಪಂಕ್ತಿಗೆ ಕರೆಯಲು ನಮಗೆ ಬರುತ್ತದೆ. ಇಲ್ಲಿ ಮಾತ್ರ ಕೊರಳಿಗೆ ಟ್ಯಾಗು ಬಿದ್ದ ಕೂಡಲೇ ಅದು ಮರೆತುಹೋಗುತ್ತದೆ.

ರಾಯರು ಹೀಗೇಕಾದರು ಎಂದು ಯೋಚಿಸಿದರೆ ಸಿಟ್ಟು ತುಸು ಇಳಿಯುತ್ತದೆ. ಕಂಪನಿ ಅವರನ್ನು ಕಳಿಸುವುದು ಎಷ್ಟೋ ವರ್ಷಕ್ಕೊಮ್ಮೆ. ವಾಪಸು ಹೋದ ಮೇಲೆ ಅಕೌಂಟ್ಸಿನವರು ಬಿಲ್ಲು ಕೇಳುತ್ತಾರೆ, ಸಾಹೇಬರು ‘ಏನ್ರೀ ತಂದ್ರಿ?’ ಎನ್ನುತ್ತಾರೆ. ಹೊಸೂರಿನವರ ಜೊತೆ ಇಪ್ಪತ್ತು ನಿಮಿಷ ಚಹಾ ಕುಡಿದೆ ಎಂದು ವರದಿಯಲ್ಲಿ ಬರೆಯಲಾದೀತೆ? ಅದಕ್ಕೇ ಫೋಟೊ, ಕ್ಯಾಟಲಾಗು, ಪ್ರಮಾಣಪತ್ರ: ಎಲ್ಲವೂ ಹಾಜರಾತಿಯ ಸಾಕ್ಷ್ಯ. ನಮ್ಮ ಸಾಹಿತ್ಯ ಸಮ್ಮೇಳನಗಳಿಗೆ ಓಓಡಿ (ಅನ್ಯಕಾರ್ಯ ನಿಮಿತ್ತ) ಮೇಲೆ ಬರುವ ಮೇಷ್ಟ್ರುಗಳು ಗೋಷ್ಠಿ ಬಿಟ್ಟು ಹಾಜರಾತಿ ಪತ್ರಕ್ಕಾಗಿ ಸಾಲು ನಿಲ್ಲುವುದೂ ಇದೇ ಕಾರಣಕ್ಕೆ. ಜೊತೆಗೆ ಇನ್ನೊಂದು ಸಂಗತಿ ಇದೆ. ಕಾರ್ಖಾನೆಯಲ್ಲಿ ವರ್ಷವಿಡೀ ‘ಮೇಂಟೆನೆನ್ಸ್‌ನವರು’ ಎಂದಷ್ಟೇ ಕರೆಸಿಕೊಳ್ಳುವ ಮನುಷ್ಯನ ಹೆಸರು ಆ ನಾಲ್ಕು ದಿನ ಎದೆಯ ಮೇಲೆ ದಪ್ಪಕ್ಷರದಲ್ಲಿ ತೂಗುತ್ತಿರುತ್ತದೆ. ಮೆಟ್ರೊದಲ್ಲಿ ಮನೆಗೆ ಮರಳುವಾಗಲೂ ಟ್ಯಾಗು ತೆಗೆಯದ ಎಷ್ಟೋ ಜನರನ್ನು ಕಾಣಬಹುದು. ಅವರೆಲ್ಲ ಮರೆತು ಹಾಕಿಕೊಂಡವರಲ್ಲ.

ಆದ್ದರಿಂದ ಕಳಿಸುವ ಸಾಹೇಬರಲ್ಲಿ ಒಂದು ವಿನಂತಿ: ವರದಿಯ ನಮೂನೆಯಲ್ಲಿ ‘ಯಾರ ಜೊತೆ ಮಾತಾಡಿದಿರಿ, ಅವರು ಏನೆಂದರು’ ಎಂಬ ಕಾಲಂ ಒಂದನ್ನು ಸೇರಿಸಿ, ಫೋಟೊ ಕೇಳಬೇಡಿ. ಇನ್ನು ನೀವು ಸಮ್ಮೇಳನಕ್ಕೆ ಹೋಗಿ, ಚಹಾದ ಸಾಲಿನಲ್ಲಿ ವಸೂಲಿರಾಯರು ಪಕ್ಕಕ್ಕೆ ಬಂದರೆ, ದಯವಿಟ್ಟು ಅವರ ಚೀಲಗಳನ್ನು ಎರಡು ನಿಮಿಷ ಹಿಡಿದುಕೊಳ್ಳಿ. ಲೋಟ ಹಿಡಿಯಲು ಅವರಿಗೆ ಕೈ ಖಾಲಿ ಇರುವುದಿಲ್ಲ.