ಸದ್ದಿಲ್ಲದ ದಡ ಬೇಕಾಗಿದೆ

ಶರಾವತಿ ಹಿನ್ನೀರಲ್ಲಿ ಕಯಾಕ್ ಓಡಿಸೋಣ ಎಂದು ಹೊರಟವರಿಗೆ ಮೊದಲ ಕಂಟಕ ನೀರಲ್ಲ, ಸ್ಪೀಕರ್. "ತುಂಬಾ ಪ್ರಶಾಂತ ಜಾಗ ಸಾರ್" ಎನ್ನುವ ಕ್ಯಾಂಪಿನವರನ್ನು ಕೊಂಚ ಕೆದಕಿ ನೋಡಿ. "ಡಿಜೆ ಇದೆಯಾ?" ಎಂದರೆ, "ಇದೆ ಸಾರ್, ಎಕ್ಸ್‌ಟ್ರಾ ಚಾರ್ಜ್ ಇಲ್ಲ!" ನಮ್ಮ ಆತಂಕವನ್ನು ಅವರು ಆಸೆ ಎಂದುಕೊಂಡಿರುತ್ತಾರೆ, ಪಾಪ.

ಆಮೇಲಿನದು ಕ್ಯಾಂಪಿನವರು ತೋರಿಸುವ ಫೋಟೊ. ಟೆಂಟಿನ ಹಗ್ಗಕ್ಕೇ ಅಲೆ ತಾಗುವ ಆ ಚಿತ್ರ ಮಳೆಗಾಲ ಮುಗಿದ ಹೊಸತರದ್ದು. ಈ ಹಿನ್ನೀರನ್ನು ಹಿಡಿದಿಟ್ಟಿರುವ, 1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಇರುವುದು ಕರೆಂಟಿಗೆ, ನಮ್ಮ ವಿಹಾರಕ್ಕಲ್ಲ. ನೀರು ಟರ್ಬೈನಿಗೆ ಹೋದಂತೆಲ್ಲ ದಡ ಹಿಂದೆ ಹಿಂದೆ ಸರಿಯುತ್ತದೆ. ಏಪ್ರಿಲ್‌ನಲ್ಲಿ ಹೋದಿರೋ, ದೋಣಿ ನಿಮ್ಮನ್ನು ಹೊರುವ ಮೊದಲು ನೀವೇ ಅದನ್ನು ಹೊತ್ತು, ಬಿರುಕುಬಿಟ್ಟ ಮಣ್ಣಿನ ಮೇಲೆ, ಮುಳುಗಡೆ ಕಾಲದ ಮರದ ಬೊಡ್ಡೆಗಳನ್ನು ಎಡವುತ್ತಾ ನಡೆಯಬೇಕು.

ನನ್ನ ಮತ ಸಾಗರದ ಹೊನ್ನೆಮರಡು ಕಡೆಗೆ, ಅದೂ ಡಿಸೆಂಬರಿನಲ್ಲಿ, ವಾರದ ನಡುವೆ. ಬೆಳಿಗ್ಗೆ ಗಾಳಿ ಏಳುವ ಮೊದಲೇ ನೀರಿಗಿಳಿಯಿರಿ. ಮಧ್ಯಾಹ್ನವಾದರೆ ನೀವು ಮುಂದಕ್ಕೆ ಹುಟ್ಟು ಹಾಕುತ್ತೀರಿ, ಗಾಳಿ ಬಂದ ದಾರಿ ತೋರಿಸುತ್ತದೆ. ಲೈಫ್ ಜಾಕೆಟ್ ಮಾತ್ರ ಬಿಚ್ಚಬೇಡಿ. ಹೊಸ ಟೀ ಶರ್ಟು ಫೋಟೊದಲ್ಲಿ ಕಾಣಲೇಬೇಕೆಂದರೆ, ಅದನ್ನು ಜಾಕೆಟ್ಟಿನ ಮೇಲೇ ತೊಟ್ಟುಕೊಳ್ಳಿ.